ಸರ್ವರ ಕೈಯಲ್ಲಿದ್ದ ಮುಖ



ನಮ್ಮ ಕಥೋಲಿಕ ಮನೆಗಳಲ್ಲಿ ಹಿರಿಯರ ಜಪದ ಪುಸ್ತಕವನ್ನು ತೆರೆದರೆ, ಹಾಳೆಗಳ ನಡುವಿನಿಂದ ಸಂತರ ಚಿತ್ರಪಟವೊಂದು ಜಾರಿ ಬೀಳುವುದುಂಟು. ಪ್ರಥಮ ಪರಮಪ್ರಸಾದದ ದಿನ ದೊರೆತ ಪಟ, ಹೊಸ ಗುರುಗಳ ಪ್ರಥಮ ಬಲಿಪೂಜೆಯ ನೆನಪಿಗೆ ಹಂಚಿದ ಪಟ, ಅಗಲಿದ ಬಂಧುವಿನ ತಿಂಗಳ ಪೂಜೆಯಲ್ಲಿ ಕೊಟ್ಟ ಪಟ, ಹೀಗೆ ಹಲವು. ಪಾದುವೆಯ ಸಂತ ಅಂತೋಣಿಯವರ ಒಂದೇ ಚಿತ್ರ ಒಂದೇ ಊರಿನ ನೂರು ಮನೆಗಳಲ್ಲಿರಬಹುದು. ಅದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಆದರೆ ಅದನ್ನು ಕಸದ ಬುಟ್ಟಿಗೆ ಹಾಕಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ಎಲ್ಲರಲ್ಲಿಯೂ ಇರುವುದು ಅಗ್ಗವೇ, ಯಾರಲ್ಲಿಯೂ ಇಲ್ಲದುದು ಮಾತ್ರ ಅಮೂಲ್ಯವೇ ಎಂಬ ಪ್ರಶ್ನೆ ಇಂತಹ ಚಿಕ್ಕ ಕಾಗದದ ತುಂಡುಗಳಿಂದಲೂ ಹುಟ್ಟಬಲ್ಲದು.

ಅಮೆರಿಕ ದೇಶದಲ್ಲಿ ಈ ಪ್ರಶ್ನೆಗೆ ಇಂಬು ಕೊಟ್ಟಿರುವುದು ಬೇಸ್‌ಬಾಲ್ ಆಟಗಾರರ ಚಿತ್ರಕಾರ್ಡುಗಳು. ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನಂತೆಯೇ ದಾಂಡು ಮತ್ತು ಚೆಂಡಿನ ಆಟ. ಅಲ್ಲಿನ ಜನರಿಗೆ ಅದು ಹೆಚ್ಚುಕಡಿಮೆ ರಾಷ್ಟ್ರೀಯ ಕ್ರೀಡೆ. 1880ರ ದಶಕದಲ್ಲಿ ಸಿಗರೇಟಿನ ಪೊಟ್ಟಣ ನಜ್ಜುಗುಜ್ಜಾಗದಿರಲೆಂದು ಒಳಗೆ ಇಡುತ್ತಿದ್ದ ಗಟ್ಟಿ ಕಾಗದದ ಮೇಲೆ ಆಟಗಾರರ ಚಿತ್ರಗಳನ್ನು ಮುದ್ರಿಸುವ ರೂಢಿ ಬಂದಿತು. ಅಪ್ಪ ಸಿಗರೇಟು ಸೇದಿದರೆ ಮಗನಿಗೆ ಚಿತ್ರ ದೊರೆಯುತ್ತಿತ್ತು. ಮುಂದೆ ಮಿಠಾಯಿ, ಚ್ಯೂಯಿಂಗ್ ಗಮ್ ತಯಾರಕರು ಅದೇ ದಾರಿ ಹಿಡಿದರು. ಹೀಗೆ ಹುಟ್ಟಿದ ಸಂಗ್ರಹದ ಹವ್ಯಾಸವು ಇಂದು ಕೋಟ್ಯಂತರ ಡಾಲರುಗಳ ವ್ಯಾಪಾರವಾಗಿ ಬೆಳೆದಿದೆ. ಈ ಕಾರ್ಡುಗಳಲ್ಲಿ ಕಾಣಿಸಿಕೊಂಡ ಸಾವಿರಾರು ಮುಖಗಳಲ್ಲಿ ಒಂದು ಮುಖವಂತೂ ಅತ್ಯಂತ ವಿರಳವಾದ ಕಾರ್ಡಿನಲ್ಲಿಯೂ ಇದೆ, ಬಡ ಮಕ್ಕಳ ಜೇಬುಗಳನ್ನು ತುಂಬಿದ ಕಾರ್ಡಿನಲ್ಲಿಯೂ ಇದೆ. ಅದು ಬೇಬ್ ರೂತ್ ಎಂದು ಜಗತ್ತು ಕರೆದ ಜಾರ್ಜ್ ಹರ್ಮನ್ ರೂತ್‌ರವರ ಮುಖ. ಅವರು ಕಥೋಲಿಕ ಸಹೋದರರ ಆಶ್ರಯದಲ್ಲಿ ಬೆಳೆದವರು. ಆದುದರಿಂದಲೇ ಅವರ ಜೀವನವನ್ನು ಈ ವಾರ ನಮ್ಮ ಕುಟುಂಬಗಳ ಮುಂದಿಡಲು ನಾವು ಬಯಸುತ್ತೇವೆ.

ರೂತ್ ಜನಿಸಿದ್ದು 1895ರ ಫೆಬ್ರವರಿ 6ರಂದು, ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ, ತಾಯಿಯ ತವರುಮನೆಯಲ್ಲಿ. ತಂದೆತಾಯಿಗಳಿಬ್ಬರೂ ಜರ್ಮನ್ ಮೂಲದ ವಲಸೆಗಾರರ ಸಂತತಿಯವರು. ತಾಯಿ ಕ್ಯಾಥರೀನ್ ಹೆತ್ತ ಎಂಟು ಮಕ್ಕಳಲ್ಲಿ ಉಳಿದು ಬೆಳೆದವರು ಈ ಬಾಲಕ ಮತ್ತು ಅವನ ತಂಗಿ ಮೇಮಿ ಇಬ್ಬರೇ. ಆರು ಹಸುಗೂಸುಗಳನ್ನು ಮಣ್ಣಿಗಿಟ್ಟ ತಾಯಿಯ ಮನಸ್ಸು ಎಂತಹುದಿದ್ದಿರಬಹುದು ಎಂಬುದನ್ನು ನಾವು ಊಹಿಸಬಹುದು. ತಂದೆಯದು ಹೆಂಡದಂಗಡಿಯ ವ್ಯಾಪಾರ. ಬೆಳಗಿನಿಂದ ನಡುರಾತ್ರಿಯವರೆಗೆ ಅಂಗಡಿಯ ಕೆಲಸ, ಮೇಲ್ಮಹಡಿಯಲ್ಲಿ ಸಂಸಾರ, ಕೆಳಗೆ ಕುಡುಕರ ಗಲಾಟೆ. ಬಾಲಕನಿಗೆ ಬೀದಿಯೇ ಮನೆಯಾಯಿತು. ಶಾಲೆಗೆ ಚಕ್ಕರ್ ಹೊಡೆಯುವುದು, ಹೊಗೆಸೊಪ್ಪು ಜಗಿಯುವುದು, ಗಾಡಿ ಹೊಡೆಯುವವರ ಮೇಲೆ ಕಲ್ಲೆಸೆಯುವುದು ಇವೇ ಅವನ ದಿನಚರಿ.

1902ರ ಜೂನ್ 13ರಂದು, ಏಳು ವರ್ಷದ ಆ ಮಗುವನ್ನು ಹೆತ್ತವರು ನಗರದ ಹೊರವಲಯದಲ್ಲಿದ್ದ ಸಂತ ಮೇರಿ ಕೈಗಾರಿಕಾ ಶಾಲೆಗೆ ಒಪ್ಪಿಸಿದರು. ಅನಾಥರು, ದಿಕ್ಕಿಲ್ಲದವರು, ನ್ಯಾಯಾಲಯದಿಂದ ಕಳುಹಿಸಲ್ಪಟ್ಟವರು, ಮನೆಯವರಿಗೆ ಬೇಡವಾದವರು, ಹೀಗೆ ಸುಮಾರು 800 ಹುಡುಗರು ಅಲ್ಲಿದ್ದರು. ತಿದ್ದಲು ಸಾಧ್ಯವಿಲ್ಲದ ಹುಡುಗ ಎಂಬ ಹಣೆಪಟ್ಟಿಯೊಂದಿಗೆ ರೂತ್ ಅದರೊಳಗೆ ಕಾಲಿಟ್ಟ. ನಡುನಡುವೆ ಕೆಲವು ಬಾರಿ ಮನೆಗೆ ಹಿಂದಿರುಗಿ, ಮತ್ತೆ ಅಲ್ಲಿಗೇ ಬಂದು, ಒಟ್ಟು ಹನ್ನೆರಡು ವರ್ಷಗಳ ಕಾಲ ಆ ಶಾಲೆಯೇ ಅವನ ಮನೆಯಾಯಿತು. 1912ರಲ್ಲಿ, ಅವನಿನ್ನೂ ಅಲ್ಲಿರುವಾಗಲೇ, ತಾಯಿ ಕಣ್ಮುಚ್ಚಿದಳು.

ಆ ಶಾಲೆಯನ್ನು ನಡೆಸುತ್ತಿದ್ದವರು ಸಂತ ಫ್ರಾನ್ಸಿಸ್ ಝೇವಿಯರ್‌ರವರ ಹೆಸರನ್ನು ಹೊತ್ತ ಝೇವೇರಿಯನ್ ಸಹೋದರರು. ಬೆಲ್ಜಿಯಂ ದೇಶದ ಬ್ರೂಜ್ ನಗರದಲ್ಲಿ 1839ರಲ್ಲಿ ಸ್ಥಾಪನೆಯಾದ ಈ ಸಭೆಯ ಸದಸ್ಯರು ಗುರುದೀಕ್ಷೆ ಪಡೆಯದೆ, ವ್ರತಬದ್ಧರಾಗಿ ಶಿಕ್ಷಣಸೇವೆಗೆ ಮೀಸಲಾದವರು. ಹುಡುಗರಿಗೆ ಓದುಬರಹದೊಡನೆ ಹೊಲಿಗೆ, ಮುದ್ರಣ, ಮರಗೆಲಸದಂತಹ ಕಸುಬುಗಳನ್ನೂ ಅವರು ಕಲಿಸುತ್ತಿದ್ದರು. ರೂತ್ ಕಲಿತದ್ದು ಅಂಗಿ ಹೊಲಿಯುವ ಕಸುಬು. ಎಲ್ಲರಿಗೂ ಒಂದೇ ಊಟ, ಒಂದೇ ವೇಳಾಪಟ್ಟಿ, ಸಾಲುಸಾಲು ಮಂಚಗಳ ಒಂದೇ ಮಲಗುಕೋಣೆ. ಹೊರಗಿನಿಂದ ನೋಡುವವರ ಕಣ್ಣಿಗೆ ಒಬ್ಬ ಹುಡುಗನಿಗೂ ಇನ್ನೊಬ್ಬನಿಗೂ ಯಾವ ಭೇದವೂ ಕಾಣುತ್ತಿರಲಿಲ್ಲ. ನಾವು ಇಂದು ಬಳಸುತ್ತಿರುವ ಮಾತಿನಲ್ಲಿ ಹೇಳುವುದಾದರೆ, ಅವರು ಬಹುಸಂಖ್ಯೆಯಲ್ಲಿ ದೊರೆಯುವ, ಯಾರೂ ಕೇಳದ ಸರಕು.

ಆದರೆ ನೋಡಬಲ್ಲ ಕಣ್ಣೊಂದು ಅಲ್ಲಿತ್ತು. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದಿಂದ ಬಂದಿದ್ದ ಬ್ರದರ್ ಮಥಾಯಸ್ ಶಾಲೆಯ ಶಿಸ್ತಿನ ಅಧಿಕಾರಿಗಳಾಗಿದ್ದರು. ಆರೂವರೆ ಅಡಿ ಎತ್ತರದ ಆಜಾನುಬಾಹು. ದನಿ ಮಾತ್ರ ಮೆಲುವು. ಅಂಗಳದಲ್ಲಿ ನಿಂತು ಒಂದೇ ಕೈಯಲ್ಲಿ ದಾಂಡು ಹಿಡಿದು ಅವರು ಚೆಂಡನ್ನು ಮುಗಿಲಿಗಟ್ಟಿದಾಗ ಹುಡುಗರೆಲ್ಲ ಬಾಯಿ ತೆರೆದು ನಿಲ್ಲುತ್ತಿದ್ದರು. ಓದಿನಲ್ಲಿ ಹಿಂದುಳಿದ, ಕೋಪಿಷ್ಠನಾದ ರೂತ್‌ನನ್ನು ಅವರು ಬಳಿಗೆ ಕರೆದುಕೊಂಡರು. ಅಕ್ಷರ ತಿದ್ದಿಸಿದರು, ಚೆಂಡನ್ನು ಹಿಡಿಯುವುದನ್ನೂ ಹೊಡೆಯುವುದನ್ನೂ ಗಂಟೆಗಟ್ಟಲೆ ಹೇಳಿಕೊಟ್ಟರು. ರೂತ್ ಎಡಚ, ಶಾಲೆಯಲ್ಲಿದ್ದ ಕೈಚೀಲಗಳಾದರೋ ಬಲಗೈಯವರಿಗೆಂದು ಮಾಡಿದವು. ಎಡಗೈಗೆ ಅದನ್ನೇ ತೊಟ್ಟು ಚೆಂಡು ಹಿಡಿದು, ಸರಕ್ಕನೆ ಕಳಚಿ, ಅದೇ ಎಡಗೈಯಿಂದ ಎಸೆಯುವುದನ್ನು ಅವನು ರೂಢಿಸಿಕೊಂಡ. ಬಲಗೈಯವರಿಗಾಗಿ ಮಾಡಿದ ಲೋಕದಲ್ಲಿ ಎಡಗೈಯವನು ಬದುಕುವ ದಾರಿ ಅದು. ಮುಂದೆ ಲೋಕಪ್ರಸಿದ್ಧನಾದ ಮೇಲೆಯೂ, ತಾನು ಕಂಡ ಮನುಷ್ಯರಲ್ಲೆಲ್ಲ ಶ್ರೇಷ್ಠರು ಬ್ರದರ್ ಮಥಾಯಸ್ ಎಂದು ಹೇಳುವುದನ್ನು ಅವನು ಬಿಡಲಿಲ್ಲ.

1914ರ ಫೆಬ್ರವರಿಯಲ್ಲಿ ಬಾಲ್ಟಿಮೋರಿನ ಓರಿಯೋಲ್ಸ್ ತಂಡದ ಒಡೆಯ ಜ್ಯಾಕ್ ಡನ್ ಶಾಲೆಗೆ ಬಂದು, ಹತ್ತೊಂಬತ್ತರ ರೂತ್‌ನನ್ನು ವರ್ಷಕ್ಕೆ 600 ಡಾಲರುಗಳ ಸಂಬಳಕ್ಕೆ ತಂಡಕ್ಕೆ ಸೇರಿಸಿಕೊಂಡರು. ವಯಸ್ಸು ತುಂಬದ ಹುಡುಗನನ್ನು ಶಾಲೆಯಿಂದ ಬಿಡಿಸಿಕೊಳ್ಳಲು ಡನ್ ಅವನ ಪೋಷಕರಾಗಿ ಹೊಣೆ ಹೊರಬೇಕಾಯಿತು. ಒಡೆಯನ ಹಿಂದೆ ಮಗುವಿನಂತೆ ಸುತ್ತುತ್ತಿದ್ದ ಆತನಿಗೆ ಹಿರಿಯ ಆಟಗಾರರು ಮಗು ಎಂಬ ಅರ್ಥದ ಬೇಬ್ ಎಂಬ ಹೆಸರಿಟ್ಟರು. ಆ ಹೆಸರೇ ಶಾಶ್ವತವಾಯಿತು.

ಆ ವರ್ಷವೇ ಬಾಲ್ಟಿಮೋರ್ ನ್ಯೂಸ್ ಪತ್ರಿಕೆಯು ಊರಿನ ಆಟಗಾರರ ಚಿತ್ರಗಳನ್ನು ಚಿಕ್ಕ ಕಾರ್ಡುಗಳಲ್ಲಿ ಅಚ್ಚು ಹಾಕಿತು. ಹಿಂಬದಿಯಲ್ಲಿ ಪಂದ್ಯಗಳ ವೇಳಾಪಟ್ಟಿ, ಮುಂಬದಿಯಲ್ಲಿ ಆಟಗಾರ. ಅವುಗಳಲ್ಲೊಂದರಲ್ಲಿ, ಶಾಲೆಯಿಂದ ಆಗತಾನೇ ಹೊರಬಂದ, ಯಾರೂ ಅರಿಯದ ತೆಳ್ಳನೆಯ ಹುಡುಗ ನಿಂತಿದ್ದಾನೆ. ವೇಳಾಪಟ್ಟಿಯ ಅವಧಿ ಮುಗಿದ ಮೇಲೆ ಜನ ಆ ಕಾರ್ಡುಗಳನ್ನು ಎಸೆದರು. ಇಂದು ಉಳಿದಿರುವುದಾಗಿ ತಿಳಿದುಬಂದಿರುವುದು ಸುಮಾರು ಹತ್ತು ಮಾತ್ರ. ಆ ಕಾಲದಲ್ಲಿ ಪತ್ರಿಕೆ ಹಂಚುತ್ತಿದ್ದ ಹುಡುಗನೊಬ್ಬ ಜೋಪಾನವಾಗಿರಿಸಿ, ಅವನ ಕುಟುಂಬ ತಲೆಮಾರುಗಳ ಕಾಲ ಕಾಪಾಡಿದ ಒಂದು ಕಾರ್ಡು 2023ರ ಡಿಸೆಂಬರಿನಲ್ಲಿ 72 ಲಕ್ಷ ಡಾಲರುಗಳಿಗೆ ಹರಾಜಾಯಿತು. ಹುಡುಗನ ಒಂದು ವರ್ಷದ ದುಡಿಮೆಗೆ 600 ಡಾಲರು. ಅವನ ಚಿತ್ರವಿದ್ದ ಕಾಗದಕ್ಕೆ 72 ಲಕ್ಷ! ಈ ಲೆಕ್ಕವನ್ನು ವಾಚಕರು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು; ಮುಂದೆ ನಾವು ಇದರ ಕಡೆಗೆ ಬರಲಿದ್ದೇವೆ.

ಹಣದ ಮುಗ್ಗಟ್ಟಿಗೆ ಸಿಲುಕಿದ ಡನ್, ಅದೇ ವರ್ಷದ ಜುಲೈ ತಿಂಗಳಲ್ಲಿ ರೂತ್‌ರವರನ್ನು ಬಾಸ್ಟನ್ ರೆಡ್ ಸಾಕ್ಸ್ ತಂಡಕ್ಕೆ ಮಾರಿದರು. ಅಲ್ಲಿ ಅವರು ಮೊದಲು ಹೆಸರು ಗಳಿಸಿದ್ದು ಚೆಂಡೆಸೆಯುವವರಾಗಿ. ಅವರಿದ್ದ ಕಾಲದಲ್ಲಿ ಆ ತಂಡವು 1915, 1916 ಮತ್ತು 1918ರಲ್ಲಿ ವಿಶ್ವ ಸರಣಿಯನ್ನು ಗೆದ್ದಿತು. ಆ ಸರಣಿಗಳಲ್ಲಿ ಎದುರಾಳಿಗೆ ಒಂದೂ ರನ್ ನೀಡದೆ ಸತತವಾಗಿ ಚೆಂಡೆಸೆದ ಅವರ ದಾಖಲೆ 1961ರವರೆಗೂ ಅಳಿಯಲಿಲ್ಲ. ಆದರೆ ಅವರ ದಾಂಡಿನ ಬಲ ಅದಕ್ಕಿಂತಲೂ ಮಿಗಿಲಾಗಿತ್ತು. ಚೆಂಡನ್ನು ಅಂಗಣದ ಬೇಲಿಯಾಚೆ ಅಟ್ಟುವುದಕ್ಕೆ ಹೋಮ್‌ರನ್ ಎನ್ನುತ್ತಾರೆ, ನಮ್ಮ ಸಿಕ್ಸರಿನಂತೆ. 1919ರಲ್ಲಿ ಅವರು ಹೊಡೆದ ಹೋಮ್‌ರನ್‌ಗಳು 29; ಅಲ್ಲಿಯವರೆಗೆ ಒಂದು ವರ್ಷದಲ್ಲಿ ಅಷ್ಟನ್ನು ಯಾರೂ ಹೊಡೆದಿರಲಿಲ್ಲ.

ಆ ವರ್ಷದ ಕೊನೆಗೆ ಮತ್ತೊಮ್ಮೆ ಅವರ ಮಾರಾಟವಾಯಿತು. ನ್ಯೂಯಾರ್ಕಿನ ಯಾಂಕೀಸ್ ತಂಡ 1,00,000 ಡಾಲರು ಕೊಟ್ಟು ಅವರನ್ನು ಕೊಂಡಿತು. 1920ರಲ್ಲಿ 54, 1921ರಲ್ಲಿ 59, 1927ರಲ್ಲಿ 60 ಹೋಮ್‌ರನ್‌ಗಳು! 1919ರ ಸರಣಿಯಲ್ಲಿ ಕೆಲವು ಆಟಗಾರರು ಲಂಚ ಪಡೆದು ಸೋತರೆಂಬ ಹಗರಣ 1920ರಲ್ಲಿ ಬಯಲಾಗಿ, ಜನ ಆಟದ ಮೇಲಣ ನಂಬಿಕೆಯನ್ನೇ ಕಳೆದುಕೊಳ್ಳುತ್ತಿದ್ದ ಹೊತ್ತು ಅದು. ರೂತ್‌ರವರ ಆಟ ಜನರನ್ನು ಮತ್ತೆ ಮೈದಾನಕ್ಕೆ ಕರೆತಂದಿತು. 1923ರ ಏಪ್ರಿಲ್ 18ರಂದು ಹೊಸ ಯಾಂಕೀ ಕ್ರೀಡಾಂಗಣ ಪ್ರಾರಂಭವಾದಾಗ ಅಲ್ಲಿನ ಮೊದಲ ಹೋಮ್‌ರನ್ ಹೊಡೆದವರೂ ಅವರೇ.

ಇಲ್ಲಿ ನಾವು ಸತ್ಯವನ್ನು ಮರೆಮಾಚಬಾರದು. ಬೇಬ್ ರೂತ್ ಸಂತರಾಗಿರಲಿಲ್ಲ. ಕೈಗೆ ಬಂದ ಹಣವನ್ನು ನೀರಿನಂತೆ ಚೆಲ್ಲಿದರು. ಊಟ, ಕುಡಿತ, ರಾತ್ರಿಯ ಅಲೆದಾಟ ಯಾವುದಕ್ಕೂ ಮಿತಿ ಇರಲಿಲ್ಲ. 1925ರಲ್ಲಿ ಕಾಯಿಲೆ ಬಿದ್ದು ಶಸ್ತ್ರಚಿಕಿತ್ಸೆಗೆ ಒಳಗಾದರು. ಅದೇ ವರ್ಷ ಅಶಿಸ್ತಿಗಾಗಿ ತಂಡದ ವ್ಯವಸ್ಥಾಪಕ ಮಿಲ್ಲರ್ ಹಗಿನ್ಸ್ ಅವರನ್ನು ಅಮಾನತುಗೊಳಿಸಿ 5,000 ಡಾಲರು ದಂಡ ವಿಧಿಸಿದರು. 1914ರಲ್ಲಿ ದೇವಾಲಯದಲ್ಲಿ ಕೈಹಿಡಿದ ಹೆಲೆನ್‌ರವರೊಡನೆ ದಾಂಪತ್ಯ ಉಳಿಯಲಿಲ್ಲ. ಬೇರೆಯಾಗಿ ವಾಸಿಸುತ್ತಿದ್ದ ಆ ಹೆಣ್ಣುಮಗಳು 1929ರ ಜನವರಿಯಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ಅಸುನೀಗಿದರು. ಮೂರು ತಿಂಗಳ ತರುವಾಯ ರೂತ್ ಕ್ಲೇರ್ ಎಂಬುವರನ್ನು ದೇವಾಲಯದಲ್ಲಿ ವಿವಾಹವಾದರು. ಅವರ ಹಿಡಿತದಲ್ಲಿ ಬದುಕು ಒಂದಿಷ್ಟು ನೆಲೆಗೆ ಬಂದಿತು. ಬಾಲ್ಯದಲ್ಲಿ ಮನೆಯನ್ನೇ ಕಾಣದವನಿಗೆ ಮನೆ ಕಟ್ಟುವುದು ಸುಲಭವಲ್ಲ. ಇದು ನೆಪವಲ್ಲ, ಕಾರಣ. ತೀರ್ಪನ್ನು ದೇವರಿಗೆ ಬಿಡುವುದೇ ಲೇಸು.

ಆದರೆ ಬೆಳೆದ ಅಂಗಳವನ್ನು ಅವರು ಮರೆಯಲಿಲ್ಲ ಎಂಬುದನ್ನೂ ಹೇಳಲೇಬೇಕು. 1919ರ ಏಪ್ರಿಲಿನಲ್ಲಿ ಬೆಂಕಿ ಅನಾಹುತಕ್ಕೆ ಸಿಲುಕಿ ಸಂತ ಮೇರಿ ಶಾಲೆಯ ಮುಖ್ಯ ಕಟ್ಟಡಗಳು ನಾಶವಾದವು. 1920ರಲ್ಲಿ ಯಾಂಕೀಸ್ ತಂಡ ಊರೂರು ಸುತ್ತುವಾಗ ಶಾಲೆಯ ವಾದ್ಯಮೇಳದ ಹುಡುಗರನ್ನೂ ರೂತ್ ಜೊತೆಗೆ ಕರೆದೊಯ್ದರು. ಹುಡುಗರು ಮೈದಾನಗಳಲ್ಲಿ ವಾದ್ಯ ನುಡಿಸಿ ಶಾಲೆಯ ಪುನರ್ನಿರ್ಮಾಣಕ್ಕೆ ಹಣ ಕೂಡಿಸಿದರು. ಬ್ರದರ್ ಮಥಾಯಸ್‌ರವರಿಗೆ ಅವರು ಕ್ಯಾಡಿಲಾಕ್ ಕಾರೊಂದನ್ನು ಉಡುಗೊರೆಯಾಗಿ ಕೊಟ್ಟರು. ಅದು ರೈಲು ಹಳಿಯ ಮೇಲೆ ನಿಂತುಹೋಗಿ ರೈಲಿಗೆ ಸಿಲುಕಿ ಪುಡಿಯಾದಾಗ ಮತ್ತೊಂದನ್ನು ಕೊಡಿಸಿದರು. ಹೋದ ಊರಿನಲ್ಲೆಲ್ಲ ಅನಾಥಾಲಯಗಳಿಗೂ ಮಕ್ಕಳ ಆಸ್ಪತ್ರೆಗಳಿಗೂ ಭೇಟಿ ಕೊಡುವುದು ಅವರ ರೂಢಿಯಾಗಿತ್ತು. ಪತ್ರಕರ್ತರಿಗೆ ತಿಳಿಸದೆ ಹೋದದ್ದೂ ಉಂಟು.

ಈಗ 1933ಕ್ಕೆ ಬರೋಣ. ಅಮೆರಿಕದಲ್ಲಿ ಆರ್ಥಿಕ ಕುಸಿತದ ಅತ್ಯಂತ ಕಠಿಣ ವರ್ಷ ಅದು. ದುಡಿಯಬಲ್ಲ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಕ್ರೀಡಾಂಗಣದ ಟಿಕೆಟು ಕೊಳ್ಳುವ ಶಕ್ತಿ ಬಡವರ ಮಕ್ಕಳಿಗೆ ಎಲ್ಲಿಂದ ಬರಬೇಕು? ಆ ವರ್ಷ ಬಾಸ್ಟನ್ನಿನ ಗೌಡಿ ಎಂಬ ಗಮ್ ಕಂಪನಿ ಒಂದು ಸೆಂಟಿಗೆ ಒಂದು ಪೊಟ್ಟಣವನ್ನು ಮಾರುಕಟ್ಟೆಗೆ ತಂದಿತು. ಒಂದು ಪೊಟ್ಟಣದಲ್ಲಿ ಒಂದು ತುಂಡು ಗಮ್, ಒಂದು ಬಣ್ಣದ ಕಾರ್ಡು. ಹೀಗೆ 240 ಕಾರ್ಡುಗಳ ಸಾಲು. ಅದರಲ್ಲಿ ಬೇಬ್ ರೂತ್‌ರವರಿಗೆ ದೊರೆತದ್ದು ಒಂದಲ್ಲ, ನಾಲ್ಕು ಕಾರ್ಡುಗಳು: 53, 144, 149 ಮತ್ತು 181ನೆಯವು. ಒಂದರ ಹಿನ್ನೆಲೆ ಹಳದಿ, ಒಂದರದು ಕೆಂಪು, ಒಂದರದು ಹಸಿರು. 144ನೆಯದರಲ್ಲಿ ದಾಂಡು ಹಿಡಿದ ಆಳೆತ್ತರದ ನಿಲುವು. ಮುದ್ರಣದ ಹಾಳೆಯಲ್ಲಿ ಈ 144ನೆಯ ಕಾರ್ಡನ್ನು ಎರಡು ಬಾರಿ ಇರಿಸಿದ್ದರಿಂದ ಅದು ಮಿಕ್ಕವುಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಹೊರಬಂದಿತು. ಇಂದಿಗೂ ಆ ನಾಲ್ಕರಲ್ಲಿ ಸಂಗ್ರಾಹಕರಿಗೆ ಹೆಚ್ಚು ಸುಲಭವಾಗಿ ದೊರೆಯುವುದು ಅದೇ.

ಗಮ್ ಮಾರುವವರ ಉದ್ದೇಶ ಲಾಭವೇ ಆಗಿತ್ತು, ಅದರಲ್ಲಿ ಸಂದೇಹವಿಲ್ಲ. ಆದರೆ ಫಲಿತಾಂಶ ಅದನ್ನು ಮೀರಿತು. ಕ್ರೀಡಾಂಗಣದ ಬಾಗಿಲನ್ನೇ ಕಾಣದ ಹಳ್ಳಿಯ ಹುಡುಗ, ಕೆಲಸ ಕಳೆದುಕೊಂಡ ಕಾರ್ಮಿಕನ ಮಗ, ಅನಾಥಾಲಯದ ಬಾಲಕ, ಇವರೆಲ್ಲರೂ ಆ ಮುಖವನ್ನು ಅಂಗೈಯಲ್ಲಿ ಹಿಡಿಯಬಲ್ಲವರಾದರು. ಆ ವರ್ಷ ರೂತ್‌ರವರ ಸಂಬಳ 52,000 ಡಾಲರು. ಅವರ ಮುಖದ ಬೆಲೆ ಒಂದು ಸೆಂಟು. ಒಂದು ಕಾಲದಲ್ಲಿ ಯಾರಿಗೂ ಬೇಡವಾಗಿದ್ದ ಹುಡುಗನನ್ನು ಈಗ ಎಲ್ಲ ಹುಡುಗರೂ ತಮ್ಮವನನ್ನಾಗಿ ಮಾಡಿಕೊಂಡರು. ಮಕ್ಕಳು ಆ ಕಾರ್ಡುಗಳನ್ನು ವಿನಿಮಯ ಮಾಡಿಕೊಂಡರು, ಗೋಡೆಗೆ ಎಸೆದು ಪಂದ್ಯ ಕಟ್ಟಿದರು, ದಿಂಬಿನಡಿ ಇಟ್ಟು ಮಲಗಿದರು. ಮೂಲೆಗಳು ಸವೆದವು, ಬಣ್ಣ ಮಾಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದದ ಸಂಗ್ರಹಕ್ಕೆ ಎಷ್ಟೋ ಕಾರ್ಡುಗಳು ಹೋದವು. ಮನೆ ಗುಡಿಸುವಾಗ ತಾಯಂದಿರು ಎಸೆದವೂ ಎಷ್ಟೋ. ಉಳಿದುಬಂದ ಆ ಒಂದು ಸೆಂಟಿನ ಕಾರ್ಡುಗಳೂ ಇಂದು ಸಾವಿರಾರು ಡಾಲರುಗಳಿಗೆ ಮಾರಾಟವಾಗುತ್ತವೆ.

ರೂತ್‌ರವರ ಆಟದ ಸಂಜೆ ಬೇಗನೆ ಕವಿಯಿತು. 1935ರಲ್ಲಿ ಬಾಸ್ಟನ್ ಬ್ರೇವ್ಸ್ ತಂಡ ಸೇರಿದರು. ಮೈ ಭಾರವಾಗಿತ್ತು, ಕಾಲು ಸೋತಿತ್ತು. ಆದರೂ ಮೇ 25ರಂದು ಪಿಟ್ಸ್‌ಬರ್ಗಿನಲ್ಲಿ ಒಂದೇ ಪಂದ್ಯದಲ್ಲಿ ಮೂರು ಹೋಮ್‌ರನ್ ಹೊಡೆದರು. ಕಡೆಯದು ಅವರ 714ನೆಯದು. ಅದಾದ ಕೆಲವೇ ದಿನಗಳಲ್ಲಿ ನಿವೃತ್ತರಾದರು. ಆ 714ರ ದಾಖಲೆಯನ್ನು ಹ್ಯಾಂಕ್ ಆರನ್ 1974ರಲ್ಲಿ ಮುರಿಯುವವರೆಗೆ ಯಾರೂ ಮುಟ್ಟಲಿಲ್ಲ. 1936ರಲ್ಲಿ ಬೇಸ್‌ಬಾಲ್ ಕೀರ್ತಿಮಂದಿರಕ್ಕೆ ಪ್ರಥಮವಾಗಿ ಆಯ್ಕೆಯಾದ ಐವರಲ್ಲಿ ಅವರೂ ಒಬ್ಬರು. ಆದರೆ ತಂಡವೊಂದರ ವ್ಯವಸ್ಥಾಪಕನಾಗಬೇಕೆಂಬ ಅವರ ಬಯಕೆಯನ್ನು ಯಾರೂ ಈಡೇರಿಸಲಿಲ್ಲ. ತನ್ನನ್ನೇ ಆಳಿಕೊಳ್ಳಲಾರದವನು ಇತರರನ್ನು ಹೇಗೆ ಆಳಿಯಾನು ಎಂದು ಒಡೆಯರು ಹಿಂಜರಿದರು. ಎಂದಾದರೂ ಕರೆ ಬಂದೀತೆಂದು ಕಾಯುವುದರಲ್ಲಿ ವರ್ಷಗಳು ಕಳೆದವು. 1944ರಲ್ಲಿ ಬ್ರದರ್ ಮಥಾಯಸ್ ತೀರಿಕೊಂಡರು.

1946ರ ಕೊನೆಯಲ್ಲಿ ಕಣ್ಣಿನ ಮೇಲ್ಭಾಗದ ನೋವು, ಗಂಟಲಿನ ತೊಂದರೆಯಿಂದ ರೂತ್ ಆಸ್ಪತ್ರೆ ಸೇರಿದರು. ಅದು ಮೂಗು ಗಂಟಲುಗಳು ಕೂಡುವಲ್ಲಿ ಬೆಳೆದ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅವರು ಗುರುಗಳನ್ನು ಕರೆಸಿ ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿದರು. ಸಂತ ಮೇರಿ ಶಾಲೆಯಲ್ಲಿ ಸಹೋದರರು ಬಿತ್ತಿದ ಬೀಜ ಮಣ್ಣಿನಡಿಯಲ್ಲಿ ದಶಕಗಳ ಕಾಲ ಮಲಗಿದ್ದು ಈಗ ಮೊಳೆತಿತು. 1947ರಲ್ಲಿ ಹೊಸ ಔಷಧವೊಂದನ್ನು ಅವರ ಮೇಲೆ ಪ್ರಯೋಗಿಸಲು ಒಪ್ಪಿಗೆಯಿತ್ತರು. ಕ್ಯಾನ್ಸರಿಗೆ ಔಷಧದ ಮೂಲಕ ಚಿಕಿತ್ಸೆ ಪಡೆದ ಮೊದಮೊದಲ ರೋಗಿಗಳಲ್ಲಿ ಅವರೂ ಸೇರಿದ್ದಾರೆ. ಕೆಲವು ತಿಂಗಳು ಚೇತರಿಕೆ ಕಂಡಿತು. ಅದೇ ವರ್ಷ ಬಡ ಮಕ್ಕಳ ನೆರವಿಗೆಂದು ತಮ್ಮ ಹೆಸರಿನಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು.

1948ರ ಜೂನ್ 13ರಂದು ಯಾಂಕೀ ಕ್ರೀಡಾಂಗಣದ ಇಪ್ಪತ್ತೈದನೆಯ ವರ್ಷದ ಸಮಾರಂಭ ನಡೆಯಿತು. ರೂತ್ ಹಳೆಯ ಸಮವಸ್ತ್ರ ಧರಿಸಿ, ದಾಂಡನ್ನೇ ಊರುಗೋಲಾಗಿಸಿಕೊಂಡು ಜನರ ಮುಂದೆ ನಿಂತರು. ಮೈ ಕೃಶವಾಗಿತ್ತು, ಸಮವಸ್ತ್ರ ಜೋತಾಡುತ್ತಿತ್ತು. ಏಳು ವರ್ಷದ ಬಾಲಕನನ್ನು ಶಾಲೆಯ ಬಾಗಿಲಲ್ಲಿ ಬಿಟ್ಟುಹೋದ ಆ ಜೂನ್ 13ಕ್ಕೆ ಅಂದು ಸರಿಯಾಗಿ ನಲವತ್ತಾರು ವರ್ಷ ತುಂಬಿತ್ತು. ಅದೇ ಜನರ ಮುಂದೆ ಆ ಅಂಗಳದಲ್ಲಿ ಅವರ ಕಡೆಯ ನಿಲುವು. ಮುಂದಿನ ವಾರಗಳಲ್ಲಿ ಕಡೆಯ ಸಂಸ್ಕಾರಗಳನ್ನು ಸ್ವೀಕರಿಸಿ, 1948ರ ಆಗಸ್ಟ್ 16ರಂದು, 53ನೆಯ ವಯಸ್ಸಿನಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಪಾರ್ಥಿವ ಶರೀರವನ್ನು ಕ್ರೀಡಾಂಗಣದಲ್ಲಿರಿಸಿದಾಗ ಹತ್ತಾರು ಸಾವಿರ ಜನ ಸಾಲುಗಟ್ಟಿ ನಿಂತು ದರ್ಶನ ಪಡೆದರು. ಎಷ್ಟೋ ತಂದೆಯರು ಮಕ್ಕಳನ್ನು ಎತ್ತಿ ತೋರಿಸಿದರು. ಸಂತ ಪ್ಯಾಟ್ರಿಕ್‌ರ ಪ್ರಧಾನಾಲಯದಲ್ಲಿ ಕಾರ್ಡಿನಲ್ ಸ್ಪೆಲ್‌ಮನ್‌ರವರ ನೇತೃತ್ವದಲ್ಲಿ ಅಂತ್ಯಬಲಿಪೂಜೆ ನಡೆಯಿತು. ನ್ಯೂಯಾರ್ಕಿನ ಹೊರಗೆ, ಹಾಥಾರ್ನ್ ಎಂಬಲ್ಲಿರುವ ಸ್ವರ್ಗದ್ವಾರ ಎಂಬ ಹೆಸರಿನ ಕಥೋಲಿಕ ಸಮಾಧಿಭೂಮಿಯಲ್ಲಿ ಅವರ ಗೋರಿ ಇದೆ. ಅದರ ಕಲ್ಲಿನ ಮೇಲೆ ಕೆತ್ತಿರುವುದು ದಾಂಡು ಬೀಸುವ ವೀರನನ್ನಲ್ಲ. ಒಬ್ಬ ಚಿಕ್ಕ ಹುಡುಗನ ಜೊತೆಗಿರುವ ಯೇಸುಸ್ವಾಮಿಯನ್ನು.

ಇನ್ನು ನಾವು ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ರೂತ್‌ರವರ ಕಾಲಾನಂತರ ಕಾರ್ಡುಗಳ ಕಥೆ ವಿಚಿತ್ರ ತಿರುವು ಪಡೆಯಿತು. ಹಳೆಯ ಕಾರ್ಡುಗಳಿಗೆ ಬೆಲೆ ಬಂದುದನ್ನು ಕಂಡ ಜನ, 1980ರ ದಶಕದ ಕೊನೆಯಲ್ಲಿ ಹೊಸ ಕಾರ್ಡುಗಳನ್ನೂ ಪೆಟ್ಟಿಗೆಗಟ್ಟಲೆ ಕೊಂಡು, ಮಕ್ಕಳ ಕಾಲೇಜು ಶುಲ್ಕಕ್ಕೆ ಆದೀತೆಂದು ಬಚ್ಚಿಟ್ಟರು. ಕಂಪನಿಗಳೂ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಮರದ ಹಲಗೆಯ ಅಂಚಿನಂತೆ ಚೌಕಟ್ಟುಳ್ಳ 1987ರ ಟಾಪ್ಸ್ ಕಂಪನಿಯ ಕಾರ್ಡುಗಳು, 1989ರ ಅಪ್ಪರ್ ಡೆಕ್ ಕಂಪನಿಯ ಮೊದಲನೆಯ ಸಂಖ್ಯೆಯ ಕೆನ್ ಗ್ರಿಫಿ ಕಿರಿಯರ ಕಾರ್ಡು ಇಂತಹವು ಸಂಗ್ರಾಹಕರಲ್ಲಿ ಹೆಚ್ಚುಕಡಿಮೆ ಎಲ್ಲರ ಬಳಿಯೂ ಇವೆ. ಎಲ್ಲರೂ ಬಚ್ಚಿಟ್ಟುದರಿಂದಲೇ ಅವುಗಳಲ್ಲಿ ಬಹುಪಾಲಿಗೆ ಬೆಲೆ ಬರಲಿಲ್ಲ. ಮಕ್ಕಳು ಆಡಿ ಸವೆಸಿದ ಕಾಗದ ಹೊನ್ನಾಯಿತು. ಹಿರಿಯರು ಹೊನ್ನೆಂದು ಕಟ್ಟಿಟ್ಟದ್ದು ಕಾಗದವಾಗಿಯೇ ಉಳಿಯಿತು. ಪ್ರೀತಿಯಿಂದ ಬಳಸಿದುದಕ್ಕೂ ಲೋಭದಿಂದ ಬಚ್ಚಿಟ್ಟುದಕ್ಕೂ ಇರುವ ಅಂತರವನ್ನು ಇದು ಚೆನ್ನಾಗಿ ಎತ್ತಿ ತೋರಿಸುತ್ತದೆ.

ಸಂತ ಅಗಸ್ಟೀನರು ಬಹು ಹಿಂದೆಯೇ ಈ ವಿಷಯವನ್ನು ಚಿಂತಿಸಿದ್ದರು. ಸೃಷ್ಟಿಯ ಕ್ರಮದಲ್ಲಿ ಜೀವವುಳ್ಳದ್ದು ಜೀವವಿಲ್ಲದುದಕ್ಕಿಂತ ಮೇಲು, ಬುದ್ಧಿಯುಳ್ಳದ್ದು ಎಲ್ಲಕ್ಕಿಂತ ಮೇಲು. ಆದರೆ ಸಂತೆಯ ಕ್ರಮವೇ ಬೇರೆ. ಅಲ್ಲಿ ಗುಲಾಮನಿಗಿಂತ ಕುದುರೆಗೆ, ದಾಸಿಗಿಂತ ರತ್ನಕ್ಕೆ ಹೆಚ್ಚು ಬೆಲೆ ಎಂದು ಅವರು ಮನುಷ್ಯರ ವಿಚಿತ್ರ ನಡೆಯನ್ನು ಗುರುತಿಸಿದರು. ಸಂತ ಥಾಮಸ್ ಅಕ್ವಿನಾಸರು ವ್ಯಾಪಾರದ ನ್ಯಾಯವನ್ನು ಕುರಿತು ಬರೆಯುವಾಗ ಇದೇ ವಿಚಾರವನ್ನು ಮುಂದಿರಿಸಿದ್ದಾರೆ. ಬೆಲೆ ಎಂಬುದು ವಸ್ತುವಿನ ಅಂತಸ್ಸತ್ತ್ವದಿಂದ ಹುಟ್ಟುವುದಲ್ಲ, ನಮ್ಮ ಬಯಕೆ ಹಾಗೂ ಅಗತ್ಯಗಳಿಂದ ಹುಟ್ಟುವುದು. ಮೌಲ್ಯವಾದರೋ ಸೃಷ್ಟಿಕರ್ತನಿಂದ ಬರುವುದು. 600 ಡಾಲರಿನ ಹುಡುಗನನ್ನೂ 72 ಲಕ್ಷ ಡಾಲರಿನ ಕಾಗದವನ್ನೂ ಪಕ್ಕಪಕ್ಕದಲ್ಲಿರಿಸಿ ನೋಡಿದರೆ ಈ ಭೇದ ಎಳೆಯ ಮಕ್ಕಳಿಗೂ ಅರ್ಥವಾಗುತ್ತದೆ. ಕಾಗದಕ್ಕೆ ಬೆಲೆ ಬಂದದ್ದು ಅದರಂತಹವು ಹತ್ತೇ ಉಳಿದಿವೆ ಎಂಬ ಕಾರಣಕ್ಕೆ. ಹುಡುಗನ ಮೌಲ್ಯಕ್ಕೆ ಅಂತಹ ಯಾವ ಎಣಿಕೆಯೂ ಬೇಕಿರಲಿಲ್ಲ. 800 ಮಂದಿಯ ನಡುವೆ ನಿಂತಿದ್ದಾಗಲೂ ಅದು ಪೂರ್ಣವಾಗಿಯೇ ಇತ್ತು. ಬ್ರದರ್ ಮಥಾಯಸ್ ಅದನ್ನು ಸೃಷ್ಟಿಸಲಿಲ್ಲ, ಕಂಡರು ಅಷ್ಟೇ. ಕಾಣುವುದೇ ಅವರು ಮಾಡಿದ ದೊಡ್ಡ ಕಾರ್ಯ.

ಇನ್ನೊಂದು ಮಾತನ್ನು ಹೇಳದೆ ಈ ಬರಹ ಅಪೂರ್ಣ. ಆ 800 ಹುಡುಗರಲ್ಲಿ ಲೋಕವಿಖ್ಯಾತನಾದವನು ರೂತ್. ಉಳಿದವರಲ್ಲಿ ಬಹುಪಾಲಿನವರು ದರ್ಜಿಗಳಾಗಿ, ಬಡಗಿಗಳಾಗಿ, ಮುದ್ರಣಾಲಯದ ಕೆಲಸಗಾರರಾಗಿ ಬಾಳಿದವರು. ಅವರ ಮುಖ ಯಾವ ಕಾರ್ಡಿನಲ್ಲಿಯೂ ಅಚ್ಚಾಗಲಿಲ್ಲ. 1950ರಲ್ಲಿ ಆ ಶಾಲೆಯೂ ಮುಚ್ಚಿತು. ಹಾಗಾದರೆ ಸಹೋದರರ ಶ್ರಮ ಸಾರ್ಥಕವಾದದ್ದು ಒಬ್ಬನಲ್ಲಿ ಮಾತ್ರವೇ? ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸಿನ ಸಾಮತಿಯನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಆ ಹತ್ತು ನಾಣ್ಯಗಳೂ ಒಂದೇ ಬಗೆಯವು. ಕಳೆದುಹೋದುದು ವಿಶೇಷ ನಾಣ್ಯವೆಂದು ಶುಭಸಂದೇಶ ಎಲ್ಲಿಯೂ ಹೇಳುವುದಿಲ್ಲ. ಆದರೂ ಆಕೆ ದೀಪ ಹಚ್ಚಿ, ಮನೆಯನ್ನೆಲ್ಲ ಗುಡಿಸಿ ಹುಡುಕಿದಳು. ಅದು ಅಪರೂಪದ್ದೆಂದಲ್ಲ, ತನ್ನದೆಂದು.

ನಮ್ಮ ಮನೆಗಳಲ್ಲಿಯೂ ಪರೀಕ್ಷೆಯಲ್ಲಿ ಹಿಂದುಳಿದ, ಮಾತು ಕೇಳದ, ಯಾವ ಬಹುಮಾನವನ್ನೂ ತಾರದ ಮಕ್ಕಳಿದ್ದಾರೆ. ನೆರೆಮನೆಯ ಮಗುವಿನೊಡನೆ ಹೋಲಿಸಿ, ಎಲ್ಲರಂತೆಯೇ ಇದ್ದೀಯಲ್ಲ ಎಂದು ಅವರನ್ನು ಹಳಿಯುವವರೂ ಇದ್ದಾರೆ. ಅಂತಹ ಮಗುವಿನ ಪಕ್ಕದಲ್ಲಿ ಸಂಜೆಯ ಹೊತ್ತು ಒಂದು ಗಂಟೆ ಕುಳಿತುಕೊಳ್ಳಲು ತಂದೆತಾಯಿಗಳಿಗೆ, ಧರ್ಮೋಪದೇಶ ಕಲಿಸುವ ಉಪಾಧ್ಯಾಯರಿಗೆ, ಗುರುಗಳಾದ ನಮಗೂ ಬಿಡುವಾಗಬೇಕು. ಆ ಮಗು ಮುಂದೆ ಬೇಬ್ ರೂತ್ ಆಗಲಾರದು. ಆಗಬೇಕಾದ ಅವಶ್ಯಕತೆಯೂ ಇಲ್ಲ. ಚೆನ್ನಾಗಿ ಅಂಗಿ ಹೊಲಿಯುವ ಪ್ರಾಮಾಣಿಕ ದರ್ಜಿಯಾದರೆ ಸಾಕು.